ಇರುಳುಬಳ್ಳಿಗೆ ಅದರಿಂದ ಏನು ಲಾಭ?

ಪ್ರಶ್ನೆ: ನಾನು ಬೆಂಗಳೂರಿನ ಬಸವನಗುಡಿಯವಳು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ‘ಇರುಳುಬಳ್ಳಿ’ ಅಂತ ಒಂದು ಔಷಧಿ ಗಿಡ ಬರುತ್ತದೆ. ಮಂಜುಗಲ್ಲು ಅನ್ನುವ ಬೆಟ್ಟದ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ರಾತ್ರಿ ಹೊಳೆಯುತ್ತದೆ. ಎಲೆ ಹಿಂಡಿ ರಸ ಬಿಟ್ಟರೆ ಎಂಥ ಗಾಯವಾದರೂ ಮಾಯುತ್ತದೆ, ಎಂಥ ಕಾಯಿಲೆಯಾದರೂ ವಾಸಿಯಾಗುತ್ತದೆ. ಸೇನಾಪತಿಗೆ ಬಾಣ ತಾಗಿದಾಗ ನಾಯಕಿ ಬೆಟ್ಟ ಹತ್ತಿ ಇದನ್ನು ತರುತ್ತಾಳೆ. ಅದೇ ಬೆಟ್ಟದ ಗುಹೆಯಲ್ಲಿ ಮರಿ ಕಾಯುತ್ತಾ ಕೂತ ಒಂದು ಡ್ರ್ಯಾಗನ್ ಕೂಡ ಇದೆ. ಬರೆದಷ್ಟನ್ನು ಇದರ ಜೊತೆಗೇ ಕಳಿಸಿದ್ದೇನೆ. ಓದಿದ ಗೆಳತಿಯರು ‘ಡ್ರ್ಯಾಗನ್ ಚೆನ್ನಾಗಿದೆ, ಗಿಡ ಮಾತ್ರ ನಂಬೋಕಾಗಲ್ಲ’ ಅನ್ನುತ್ತಾರೆ. ಹೀಗೇಕೆ? ಗಿಡಗಳ ವಿಷಯ ಬಲ್ಲವರು ಇದನ್ನು ಹೇಗೆ ಸರಿಮಾಡುತ್ತಾರೆ? ಸಂಜೀವಿನಿ ಅಂತಲೇ ಹೆಸರಿಟ್ಟುಬಿಡಲಾ?

ಉತ್ತರ: ನಿಮ್ಮ ಗೆಳತಿಯರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಡ್ರ್ಯಾಗನ್‌ಗೆ ಗೂಡಿದೆ, ಮರಿ ಇದೆ, ಹಸಿವಿದೆ. ಅದು ತನಗೋಸ್ಕರ ಬದುಕುತ್ತಿದೆ. ಇರುಳುಬಳ್ಳಿ ಬದುಕಿರುವುದು ಸೇನಾಪತಿಗೋಸ್ಕರ. ಅವನಿಗೆ ಬಾಣ ತಾಗುವ ತನಕ ಬೆಟ್ಟದ ಮೇಲೆ ಸುಮ್ನೆ ಕಾಯುತ್ತಾ ಕೂತಿದೆ. ಓದುವವರಿಗೆ ಅದು ತಕ್ಷಣ ಗೊತ್ತಾಗಿಬಿಡುತ್ತದೆ.

ನಾನು ಗಿಡಮೂಲಿಕೆಗಳ ಕೆಲಸದಲ್ಲೇ ಇರುವವನು. ಯಾರಾದರೂ ಹೊಸ ಔಷಧಿ ಗಿಡ ತೋರಿಸಿದರೆ ಮೊದಲು ನನ್ನ ತಲೆಗೆ ಬರುವ ಪ್ರಶ್ನೆ ಒಂದೇ: ಈ ಗುಣ ಇಟ್ಟುಕೊಂಡು ಗಿಡಕ್ಕೇನು ಲಾಭ? ಗಿಡ ಓಡಿಹೋಗಲಾರದು. ಹುಳ, ದನ, ಬೂಷ್ಟು, ಬಿಸಿಲು ಎಲ್ಲವನ್ನೂ ನಿಂತ ಜಾಗದಲ್ಲೇ ಎದುರಿಸಬೇಕು. ಅದಕ್ಕೇ ಮೈಯೊಳಗೆ ನಾನಾ ಥರದ ರಸಾಯನ ತಯಾರಿಸಿಕೊಳ್ಳುತ್ತದೆ. ನಾವು ಔಷಧಿ ಅಂತ ಬಳಸುವುದು ಬಹುಮಟ್ಟಿಗೆ ಇವನ್ನೇ. ಯಾವುದೂ ನಮಗೋಸ್ಕರ ಹುಟ್ಟಿದ್ದಲ್ಲ. ನಿಮ್ಮ ಬಳ್ಳಿಗೂ ಇದೇ ಪ್ರಶ್ನೆ ಹಾಕಿ. ಉತ್ತರ ಸಿಕ್ಕರೆ ಎಲ್ಲಿ ಬೆಳೆಯುತ್ತದೆ, ಯಾವಾಗ ಕೀಳಬೇಕು, ಎಷ್ಟು ಕೊಡಬೇಕು, ಕೊಟ್ಟರೆ ಏನು ತೊಂದರೆ ಅನ್ನುವುದೆಲ್ಲ ಅದರ ಹಿಂದೆಯೇ ಬರುತ್ತದೆ.

ಇದನ್ನು ಕಣ್ಣಾರೆ ನೋಡಲು ಬೆಟ್ಟಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಯಾವುದಾದರೂ ಖಾಲಿ ಸೈಟಿನ ಮುಂದೆ ನಿಲ್ಲಿ, ಎಕ್ಕದ ಗಿಡ ಸಿಗುತ್ತದೆ. ರಥಸಪ್ತಮಿ ದಿನ ತಲೆ, ಹೆಗಲ ಮೇಲೆ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಅದೇ ಎಕ್ಕ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಅಂಟಂಟು, ಕಡುಕಹಿ, ಕಣ್ಣಿಗೆ ಬಿದ್ದರೆ ಅಪಾಯ. ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ ಅದರಲ್ಲಿದೆ. ಈಗ ಎಲೆಯ ಅಡಿ ಮಗುಚಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳು ಇರಬಹುದು. ಬೀದಿಯಲ್ಲಿ ಹಾರಾಡುವ ಕಿತ್ತಳೆ ಬಣ್ಣದ, ರೆಕ್ಕೆ ತುದಿ ಕಪ್ಪಗಿರುವ ಚಿಟ್ಟೆಯ ಮರಿ ಅದು. ತಿನ್ನುವ ಮೊದಲು ಎಲೆಯ ನರವನ್ನೇ ಕಚ್ಚಿ ತುಂಡು ಮಾಡುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ. ಆಮೇಲೆ ಆಚೆ ಭಾಗವನ್ನು ನಿಧಾನಕ್ಕೆ ಮೇಯುತ್ತದೆ. ಆದರೂ ಹೊಟ್ಟೆಗೆ ಹೋದಷ್ಟು ವಿಷವನ್ನು ಹುಳು ಬಿಸಾಡುವುದಿಲ್ಲ, ಮೈಯಲ್ಲೇ ಕೂಡಿಡುತ್ತದೆ. ಮುಂದೆ ಅದನ್ನೋ ಚಿಟ್ಟೆಯನ್ನೋ ಹಕ್ಕಿ ತಿಂದರೆ ವಾಂತಿ ಮಾಡಿಕೊಳ್ಳುತ್ತದೆ. ಇನ್ನೊಮ್ಮೆ ಆ ಬಣ್ಣ ಕಂಡರೆ ಹತ್ತಿರ ಬರುವುದಿಲ್ಲ.

ಒಂದು ಗಿಡ, ಒಂದು ಹುಳು, ಒಂದು ಹಕ್ಕಿ. ಮನುಷ್ಯ ಬರುವ ಮೊದಲೇ ಅಲ್ಲೊಂದು ಯುದ್ಧ ನಡೆದಿರುತ್ತದೆ, ಅಲ್ವಾ? ಇರುಳುಬಳ್ಳಿಯನ್ನು ಮಂಜುಗಲ್ಲಿನಲ್ಲಿ ಯಾರು ತಿನ್ನುತ್ತಾರೆ ಅಂತ ನೀವು ಹೇಳಿಯೇ ಇಲ್ಲ. ಅಲ್ಲಿಂದಲೇ ಶುರುಮಾಡಿ.

ಹೊಗೆಸೊಪ್ಪಿನ ಗಿಡದಿಂದ ನೀವು ಇನ್ನೊಂದು ಉಪಾಯ ಎತ್ತಿಕೊಳ್ಳಬಹುದು. ಅದರ ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಎಲೆಗೆ ಏರುತ್ತದೆ. ಕಾಡು ಹೊಗೆಸೊಪ್ಪಿನ ಎಲೆಗೆ ಹುಳ ಬಾಯಿ ಹಾಕಿದರೆ ಸುದ್ದಿ ಬೇರಿಗೆ ಮುಟ್ಟುತ್ತದೆ. ಬೇರು ಮೊದಲಿಗಿಂತ ಜಾಸ್ತಿ ನಿಕೋಟಿನ್ ತಯಾರಿಸಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಪೆಟ್ಟು ತಿಂದ ಗಿಡದಲ್ಲೇ ಸತ್ವ ಜಾಸ್ತಿ. ಇದನ್ನು ನಿಮ್ಮ ಕಥೆಗೆ ತನ್ನಿ. ಪೇಟೆಯ ಜನ ಒಂದು ಕಲೆಯೂ ಇಲ್ಲದ ನುಣುಪಾದ ಇರುಳುಬಳ್ಳಿ ಎಲೆಯನ್ನೇ ಆರಿಸಿ ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಾರೆ. ಅದರಲ್ಲಿ ಏನೂ ಇರುವುದಿಲ್ಲ. ಬೆಟ್ಟದ ಮುದುಕಿಗೆ ಮಾತ್ರ ಗೊತ್ತು, ಹುಳ ತಿಂದು ತೂತುಬಿದ್ದ ಎಲೆಯನ್ನೇ ಹುಡುಕಬೇಕು ಅಂತ. ಇಷ್ಟು ಬರೆದರೂ ಸಾಕು, ನಿಮ್ಮ ನಾಯಕಿಗೆ ಬೆಟ್ಟದ ಮೇಲೆ ಮಾಡಲು ಒಂದು ಕೆಲಸ ಸಿಗುತ್ತದೆ. ಈಗ ಅವಳು ಹತ್ತಿ ಕಿತ್ತು ಇಳಿಯುತ್ತಾಳೆ, ಅಷ್ಟೇ.

ಇನ್ನು ಗಾಯ ಮಾಯುವ ವಿಷಯ. ಕಥೆಯ ಜೀವ ಇಲ್ಲೇ ಇದೆ. ಗಿಡದ ರಸ ಮನುಷ್ಯನ ಮಾಂಸವನ್ನು ಯಾಕೆ ಕೂಡಿಸಬೇಕು? ಕಾರಣ ಹುಡುಕುವುದು ಕಷ್ಟವಲ್ಲ. ಗಿಡಗಳಿಗೂ ಗಾಯವಾಗುತ್ತದೆ. ಹಲಸಿನ ಮರಕ್ಕೆ ಮಚ್ಚು ತಾಗಿದರೆ ಹಾಲು ಸುರಿದು ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚುತ್ತದೆ, ಒಳಗೆ ಬೂಷ್ಟು, ಹುಳ ಹೋಗದ ಹಾಗೆ. ಮಂಜುಗಲ್ಲಿನ ಮೇಲಿಂದ ಸದಾ ಕಲ್ಲು ಉರುಳುತ್ತದೆ ಅಂತ ಇಟ್ಟುಕೊಳ್ಳಿ. ದಿನವೂ ಜಜ್ಜಿಸಿಕೊಳ್ಳುವ ಬಳ್ಳಿ ದಿನವೂ ತನ್ನನ್ನು ತಾನೇ ಕೂಡಿಸಿಕೊಳ್ಳಬೇಕು. ಅದರ ರಸಕ್ಕೆ ಗೊತ್ತಿರುವುದು ಒಂದೇ ಕೆಲಸ, ತೆರೆದದ್ದನ್ನು ಮುಚ್ಚುವುದು. ಅದು ಬಳ್ಳಿಯ ಕಾಂಡವೋ ಸೇನಾಪತಿಯ ಎದೆಯೋ ಅನ್ನುವುದು ಅದಕ್ಕೆ ಬೇಕಾಗಿಲ್ಲ.

ಈಗ ನೋಡಿ, ತೊಂದರೆ ತಾನಾಗಿಯೇ ಬಂತು. ಬಾಣದ ಮೊನೆ ಒಳಗೇ ಇರುವಾಗ ರಸ ಬಿಟ್ಟರೆ ಏನಾಗುತ್ತದೆ? ಮೊನೆಯ ಮೇಲೇ ಚರ್ಮ ಕೂಡಿಕೊಳ್ಳುತ್ತದೆ. ನಿಜವಾದ ಗಾಯಗಳಲ್ಲೂ ಇದು ದೊಡ್ಡ ಅಪಾಯವೇ. ಒಳಗೆ ಕೊಳೆ, ಕೀವು ಉಳಿದು ಮೇಲೆ ಮಾತ್ರ ಮುಚ್ಚಿಕೊಂಡರೆ ಹುಣ್ಣು ಒಳಗೊಳಗೇ ಬೆಳೆಯುತ್ತದೆ. ಅದಕ್ಕೇ ವೈದ್ಯರು ಕೆಲವು ಗಾಯಗಳನ್ನು ಹೊಲಿಯದೆ, ತೆರೆದೇ ಬಿಟ್ಟು, ತಳದಿಂದ ಮಾಯಲು ಬಿಡುತ್ತಾರೆ.

ನಮ್ಮ ಹಳೆಯ ಕವಿಗೆ ಇದು ಚೆನ್ನಾಗಿ ಗೊತ್ತಿತ್ತು. ಸಂಜೀವಿನಿ ಅಂದರೆ ಎಲ್ಲ ಕಾಯಿಲೆಗೂ ಒಂದೇ ಮದ್ದು ಅಂತ ನಾವು ಅಂದುಕೊಂಡಿರುತ್ತೇವೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಜಾಂಬವಂತ ಹನುಮಂತನಿಗೆ ತರಲು ಹೇಳುವುದು ನಾಲ್ಕು ಮೂಲಿಕೆ. ಮೃತಸಂಜೀವಿನಿ ಹೋದ ಜೀವ ತರುವುದಕ್ಕೆ. ವಿಶಲ್ಯಕರಣಿ ಮೈಗೆ ಹೊಕ್ಕ ಬಾಣ ಹೊರಗೆ ತೆಗೆಯುವುದಕ್ಕೆ. ಸಂಧಾನಕರಣಿ ಕಡಿದದ್ದನ್ನು ಕೂಡಿಸುವುದಕ್ಕೆ. ಸಾವರ್ಣ್ಯಕರಣಿ ಚರ್ಮಕ್ಕೆ ಮೊದಲಿನ ಬಣ್ಣ ಬರಿಸುವುದಕ್ಕೆ. ರಣರಂಗದಲ್ಲಿ ಬಿದ್ದವನಿಗೆ ಏನೇನು ಬೇಕೋ ಅದನ್ನು ನೋಡಿಯೇ ಹಂಚಿದ ಹಾಗಿದೆ. ತೆಗೆಯುವ ಮೂಲಿಕೆ ಬೇರೆ, ಕೂಡಿಸುವ ಮೂಲಿಕೆ ಬೇರೆ. ಅವು ಹೊಳೆಯುವ ಮೂಲಿಕೆಗಳು ಅಂತಲೂ ಅಲ್ಲಿದೆ. ನನಗೆ ತುಂಬ ಇಷ್ಟವಾದದ್ದು ಅದರ ಮುಂದಿನ ಭಾಗ. ಹುಡುಕುವವನು ಬಂದ ಅಂತ ಗೊತ್ತಾಗಿ ಮೂಲಿಕೆಗಳು ಕಣ್ಣಿಗೆ ಕಾಣದ ಹಾಗೆ ಮರೆಯಾಗುತ್ತವೆ! ಹನುಮಂತ ಬೆಟ್ಟದ ಶಿಖರವನ್ನೇ ಕಿತ್ತು ತಂದದ್ದು ಆ ಸಿಟ್ಟಿಗೆ. ಅಂದರೆ ಅಲ್ಲೂ ಗಿಡಗಳಿಗೆ ತಮ್ಮದೇ ಇಷ್ಟಾನಿಷ್ಟ ಇದೆ, ಯಾರಿಗೋ ಕಾಯುತ್ತಾ ಕೂತಿಲ್ಲ. ಕೆಲಸ ಮುಗಿದ ಮೇಲೆ ಶಿಖರವನ್ನು ವಾಪಸು ಇಟ್ಟು ಬರುತ್ತಾನೆ ಅನ್ನುವುದೂ ನೆನಪಿರಲಿ.

ಹಾಗಾಗಿ ನನ್ನ ಸಲಹೆ, ‘ಎಂಥ ಕಾಯಿಲೆಯಾದರೂ’ ಅನ್ನುವ ಮಾತನ್ನು ಹೊಡೆದುಹಾಕಿ. ಇರುಳುಬಳ್ಳಿ ಗಾಯ ಮುಚ್ಚಲಿ, ಅಷ್ಟೇ ಸಾಕು. ಜ್ವರಕ್ಕೆ ಅದು ಬೇಡ. ವಿಷಕ್ಕಂತೂ ಬೇಡವೇ ಬೇಡ, ಯಾಕೆಂದರೆ ಅದು ವಿಷವನ್ನೂ ಒಳಗೇ ಇಟ್ಟು ಮುಚ್ಚಿಬಿಡುತ್ತದೆ. ಸೇನಾಪತಿಯ ಎದೆಯಿಂದ ಮೊನೆ ಕೀಳಲು ಕೈ ನಡುಗದ ಒಬ್ಬರು ಬೇಕು, ರಸ ಬಿಡಲು ಇನ್ನೊಬ್ಬರು ಬೇಕು, ನಡುವೆ ರಕ್ತ ಸುರಿಯುತ್ತಿರುತ್ತದೆ. ನೀವು ಬರೆದ ದೃಶ್ಯದಲ್ಲಿ ಅವನು ಎರಡೇ ಸಾಲಿನಲ್ಲಿ ಎದ್ದು ಕೂರುತ್ತಾನೆ. ಈ ರೀತಿ ಬರೆದರೆ ಅದೇ ಒಂದು ಅಧ್ಯಾಯವಾಗುತ್ತದೆ.

ಪ್ರಮಾಣದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ರಸ್ತೆಗಳ ಮಧ್ಯದ ಡಿವೈಡರ್‌ನಲ್ಲಿ ಗುಲಾಬಿ, ಬಿಳಿ ಹೂ ಬಿಟ್ಟಿರುವ ಕಣಗಿಲೆ ನೋಡಿದ್ದೀರಲ್ಲ? ಅದರಲ್ಲಿಯೂ ಎಕ್ಕದ ಹಾಗೆ ಹೃದಯಕ್ಕೆ ನಾಟುವ ವಿಷ ಇದೆ. ಇದೇ ಜಾತಿಯ ರಸಾಯನ ಇರುವ ಡಿಜಿಟಾಲಿಸ್ ಗಿಡದ ಎಲೆಯಿಂದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಮೈ ಊದಿಕೊಂಡ ರೋಗಿಗಳಿಗೆ ಚಿಕಿತ್ಸೆ ಮಾಡಿ, 1785ರಲ್ಲಿ ಅದರ ವಿವರ ಪ್ರಕಟಿಸಿದರು. ಅದೇ ಕುಲದ ಇನ್ನೊಂದು ಗಿಡದಿಂದ ಬಂದ ಡಿಗಾಕ್ಸಿನ್ ಇವತ್ತಿಗೂ ಹೃದಯದ ಔಷಧಿ. ಗುಣ ಮಾಡುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಡಿಮೆ. ಕೊಡುವವರು ಎಚ್ಚರದಿಂದ ಅಳೆದು ಕೊಡಬೇಕು, ಕೊಟ್ಟ ಮೇಲೆ ಗಮನಿಸುತ್ತಾ ಇರಬೇಕು. ನಿಮ್ಮ ಬಳ್ಳಿಯ ರಸ ಹನಿ ಜಾಸ್ತಿಯಾದರೆ ಮುಚ್ಚುವುದು ನಿಲ್ಲದೇ ಹೋಗಲಿ. ಬೆರಳು ಬೆರಳಿಗೆ ಕೂಡಿಕೊಂಡ ಒಬ್ಬ ಹಳೆಯ ಸೈನಿಕ ಕಥೆಯ ಮೊದಲಲ್ಲೇ ಎಲ್ಲಾದರೂ ಬಂದು ಹೋದರೆ, ಆಮೇಲೆ ರಸದ ಕುಡಿಕೆ ಕೈಗೆತ್ತಿಕೊಂಡಾಗ ಓದುವವರು ತಾವಾಗಿಯೇ ಉಸಿರು ಬಿಗಿಹಿಡಿಯುತ್ತಾರೆ.

ಹೊಳೆಯುವ ವಿಷಯದಲ್ಲಿ ಒಂದು ತಿದ್ದುಪಡಿ. ನಮ್ಮ ಭೂಮಿಯ ಮೇಲೆ ಕತ್ತಲಲ್ಲಿ ತಾನಾಗಿ ಬೆಳಕು ಬೀರುವ ಗಿಡ, ಬಳ್ಳಿ ಯಾವುದೂ ಇಲ್ಲ. ಬೆಳಕು ಬೀರುವುದು ಕೆಲವು ಅಣಬೆ ಜಾತಿಯವು. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಕೊಳೆತ ಕೊಂಬೆ ತಿಳಿ ಹಸಿರಾಗಿ ಮಿಣುಗುವುದು ಇವುಗಳಿಂದಲೇ. ಬ್ರೆಜಿಲ್‌ನ ಒಂದು ಅಣಬೆಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಬೆಳಕಿಗೆ ರಾತ್ರಿ ಕೀಟಗಳು ಬರುತ್ತವೆ, ಬೀಜಕಣ ಹರಡಲು ಅದು ನೆರವಾಗಬಹುದು. 2020ರಲ್ಲಿ ವಿಜ್ಞಾನಿಗಳು ಅಣಬೆಯ ಈ ಗುಣವನ್ನು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿ, ಗಿಡವೇ ಬೆಳಗುವ ಹಾಗೆ ಮಾಡಿ ತೋರಿಸಿದರು. ನಿಮ್ಮದು ಮಾಯಾಲೋಕ, ಬಳ್ಳಿಯೇ ಹೊಳೆಯಲಿ ಅಂದರೆ ಯಾರೂ ತಡೆಯುವುದಿಲ್ಲ. ಆದರೆ ಬಳ್ಳಿಯ ತೊಗಟೆಯೊಳಗೆ ಒಂದು ಅಣಬೆ ಮನೆ ಮಾಡಿಕೊಂಡಿದೆ, ಅದರ ಬೆಳಕಿಗೆ ಬರುವ ಪತಂಗವೇ ಬಳ್ಳಿಯ ಹೂವಿಗೂ ಪರಾಗ ತರುತ್ತದೆ ಅಂತ ಬರೆದರೆ ಬೆಳಕಿಗೂ ಒಂದು ಕೆಲಸ ಸಿಕ್ಕಿತು. ಹಾಗಾದರೆ ಹೂವು ಕೆಂಪಗಿರುವುದು ಬೇಡ. ಪತಂಗಗಳನ್ನು ಕರೆಯುವ ಹೂಗಳು ಹೆಚ್ಚಾಗಿ ಬಿಳಿ ಬಣ್ಣದವು, ಕತ್ತಲಾದ ಮೇಲೆ ಘಮಘಮಿಸುತ್ತವೆ.

ಅಣಬೆಯ ಬೆಳಕು ತೀರಾ ಮಂದ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು-ಇಪ್ಪತ್ತು ನಿಮಿಷ ಬೇಕು, ಆಮೇಲೆ ಮಾತ್ರ ಕಾಣುತ್ತದೆ. ನಿಮ್ಮ ನಾಯಕಿ ಪಂಜು ಹಿಡಿದು ಬೆಟ್ಟ ಹತ್ತುತ್ತಾಳೆ. ಪಂಜು ಉರಿಯುವ ತನಕ ಅವಳಿಗೆ ಇರುಳುಬಳ್ಳಿ ಕಾಣಬಾರದು. ಡ್ರ್ಯಾಗನ್ ಇರುವ ಬೆಟ್ಟದಲ್ಲಿ, ಅಮಾವಾಸ್ಯೆ ರಾತ್ರಿ, ಇರುವ ಒಂದು ಬೆಳಕನ್ನೂ ತಾನೇ ಆರಿಸಿ ಕಾಯಬೇಕು. ಈ ಜಾಗವನ್ನು ದಯವಿಟ್ಟು ಬೇಗ ಮುಗಿಸಬೇಡಿ.

ಬೆಟ್ಟದ ತುದಿಯಲ್ಲೇ ಯಾಕೆ ಬೆಳೆಯಬೇಕು? ಇದಕ್ಕೆ ಉತ್ತರ ನಿಮ್ಮ ಬಸವನಗುಡಿಯಲ್ಲೇ ಇದೆ. ಬ್ಯೂಗಲ್ ರಾಕ್ ಹತ್ತಿರ ಹೋಗಿ, ಇಲ್ಲವೇ ಲಾಲ್‌ಬಾಗ್ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಮಣ್ಣು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಸುಡುತ್ತದೆ, ಮಳೆ ಬಂದರೆ ನೀರು ನಿಲ್ಲದೆ ಹರಿದುಹೋಗುತ್ತದೆ. ಅಲ್ಲಿ ಬದುಕುವ ಗಿಡಕ್ಕೆ ಒಣಗಿಯೂ ಸಾಯದಿರುವ ವಿದ್ಯೆ ಗೊತ್ತಿರಬೇಕು. ಮನೆ ಕಾಂಪೌಂಡ್ ಗೋಡೆಯ ಮೇಲಿನ ಹಾವಸೆಯಲ್ಲಿ ಇದನ್ನು ನೀವೇ ನೋಡಬಹುದು. ಮಾರ್ಚ್ ತಿಂಗಳಲ್ಲಿ ಅದು ಕಂದುಗಪ್ಪಾಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಒಂದು ಚಮಚ ನೀರು ಹನಿಸಿ ಅಲ್ಲೇ ನಿಂತು ನೋಡಿ. ಮುದುಡಿದ ಪುಟ್ಟ ಎಲೆಗಳು ಬಿಚ್ಚಿಕೊಳ್ಳುತ್ತವೆ, ಕೆಲವೇ ನಿಮಿಷಗಳಲ್ಲಿ ಹಸಿರು ಮರಳುತ್ತದೆ.

ಇದನ್ನೇ ದೊಡ್ಡದಾಗಿ ಮಾಡಿ ತೋರಿಸುವ ಗಿಡ ಸೆಲಾಜಿನೆಲ್ಲ ಬ್ರಯೋಪ್ಟೆರಿಸ್. ಒಣಗಿದಾಗ ಕಂದು ಬಣ್ಣಕ್ಕೆ ತಿರುಗಿ ಸುರುಳಿ ಸುತ್ತಿಕೊಳ್ಳುತ್ತದೆ. ನೀರಿನಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಹರಡಿಕೊಂಡು ಹಸಿರಾಗುತ್ತದೆ. ಜಾತ್ರೆಗಳಲ್ಲಿ ಸಂಜೀವಿನಿ ಅಂತ ಮಾರುವುದು ಇದನ್ನೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ, ಆರ್. ಉಮಾಶಂಕರ್ ಮತ್ತು ಶಿರಸಿಯ ಅರಣ್ಯ ಕಾಲೇಜಿನ ಆರ್. ವಾಸುದೇವ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವ ಗಿಡ ಇರಬಹುದು ಅಂತ ಒಂದು ಲೇಖನ ಬರೆದರು. ಬೇರೆಬೇರೆ ಭಾಷೆಗಳಲ್ಲಿ ಆ ಹೆಸರಿರುವ ಗಿಡಗಳನ್ನೆಲ್ಲ ಕಲೆಹಾಕಿ, ಬೆಟ್ಟದಲ್ಲಿ ಬೆಳೆಯುತ್ತದೆಯೇ, ಜೀವ ಮರಳಿಸುವ ಮಾತಿಗೆ ಹೊಂದುತ್ತದೆಯೇ ಅಂತ ಜರಡಿ ಹಿಡಿದರು. ಕೊನೆಯಲ್ಲಿ ಉಳಿದವುಗಳಲ್ಲಿ ಸೆಲಾಜಿನೆಲ್ಲವೂ ಒಂದು, ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್ ಇನ್ನೊಂದು. ನಮ್ಮೂರಿನ ವಿಜ್ಞಾನಿಗಳು ಪುರಾಣದ ಗಿಡವನ್ನು ಇಷ್ಟು ಪ್ರೀತಿಯಿಂದ, ಇಷ್ಟು ಶಿಸ್ತಿನಿಂದ ಹುಡುಕಿದ್ದು ನನಗೆ ಬಹಳ ಹೆಮ್ಮೆಯ ವಿಷಯ.

ಇರುಳುಬಳ್ಳಿಯೂ ಬಂಡೆಯ ಮೇಲಿನದೇ ಆಗಲಿ. ಬೇಸಿಗೆಯಲ್ಲಿ ಅದು ಒಣ ಹಗ್ಗದ ಚೂರು. ರಾಜನ ಸೈನಿಕರು ಅದರ ಮೇಲೇ ಕಾಲಿಟ್ಟು ಹೋಗಿ ‘ಬೆಟ್ಟದಲ್ಲಿ ಏನೂ ಇಲ್ಲ’ ಅಂತ ವರದಿ ಒಪ್ಪಿಸಲಿ.

‘ತುದಿಯಲ್ಲಿ ಮಾತ್ರ’ ಅಂದಿರಲ್ಲ, ಅದಕ್ಕೂ ಒಂದು ಪ್ರಶ್ನೆ ಏಳುತ್ತದೆ. ರಾಜ ಅದನ್ನು ಅರಮನೆ ತೋಟದಲ್ಲಿ ಯಾಕೆ ಬೆಳೆಸಿಲ್ಲ? ಬುದ್ಧಿವಂತ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ನಮ್ಮ ಗಂಧದ ಮರವನ್ನು ನೋಡಿ. ಗಂಧ ಅರೆ ಪರಾವಲಂಬಿ. ಎಲೆಯಲ್ಲಿ ಆಹಾರ ತಾನೇ ತಯಾರಿಸಿದರೂ ನೀರಿಗೆ, ಲವಣಕ್ಕೆ ಅಕ್ಕಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿಕೊಳ್ಳುತ್ತದೆ. ಅದಕ್ಕೇ ಸಸಿ ಮಾಡುವವರು ಗಂಧದ ಜೊತೆ ಅದೇ ಚೀಲದಲ್ಲಿ ಒಂದು ತೊಗರಿ ಗಿಡವನ್ನೂ ಬೆಳೆಸುತ್ತಾರೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಆರ್ಕಿಡ್‌ಗಳದ್ದು ಇನ್ನೊಂದು ಥರ. ಧೂಳಿನಷ್ಟು ಸಣ್ಣ ಬೀಜ, ಒಳಗೆ ಬುತ್ತಿ ಇಲ್ಲ, ಸರಿಯಾದ ಬೂಷ್ಟು ಸಿಕ್ಕರೆ ಮಾತ್ರ ಕಾಡಿನಲ್ಲಿ ಮೊಳಕೆ. ಇರುಳುಬಳ್ಳಿಯನ್ನು ರಾಜನ ತೋಟಗಾರ ಬೇರು ಸಮೇತ ತಂದು ನೆಡಲಿ, ತೊಗಟೆಯ ಅಣಬೆ ಬಯಲಿನ ಬಿಸಿಗೆ ಸಾಯಲಿ, ಬಳ್ಳಿ ಹಸಿರಾಗಿಯೇ ಇದ್ದು ಸತ್ವ ಮಾತ್ರ ಹೋಗಲಿ.

ಗಂಧದ ಮಾತು ಬಂದ ಮೇಲೆ ಅಧಿಕಾರದ ಮಾತೂ ಬರುತ್ತದೆ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜಮರ ಅಂತ ಸಾರಿದ. ಆಮೇಲೂ ಬಹಳ ಕಾಲ ನಿಮ್ಮ ಹಿತ್ತಲಲ್ಲಿ ಹುಟ್ಟಿದ ಗಂಧವೂ ನಿಮ್ಮದಾಗಿರಲಿಲ್ಲ. ನಿಮ್ಮ ಕಥೆಯಲ್ಲಿ ಗಾಯ ಮುಚ್ಚುವ ಗಿಡ ಒಂದು ಬೆಟ್ಟದಲ್ಲಿದೆ, ಅದೇ ರಾಜ್ಯಕ್ಕೆ ಸೈನ್ಯವೂ ಇದೆ. ಆದರೂ ಅಲ್ಲಿ ಕಾವಲಿಲ್ಲ, ತೆರಿಗೆಯಿಲ್ಲ, ಕಳ್ಳಸಾಗಣೆಯಿಲ್ಲ. ಇದು ನನಗೆ ಹೊಳೆಯುವ ಎಲೆಗಿಂತ ನಂಬಲು ಕಷ್ಟವಾದ ವಿಷಯ.

ಗಿಡದ ಯಾವ ಭಾಗ ಔಷಧಿ ಅನ್ನುವುದೂ ಕಥೆಯ ಗತಿಯನ್ನೇ ಬದಲಿಸುತ್ತದೆ. ಎಲೆಯಾದರೆ ಮತ್ತೆ ಚಿಗುರುತ್ತದೆ. ಬೇರಾದರೆ ಗಿಡ ಅಲ್ಲಿಗೆ ಮುಗಿಯಿತು. ಸರ್ಪಗಂಧದ ಗತಿ ಹೀಗೇ ಆಯಿತು. ಅದರ ಬೇರಿನಿಂದ 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದ ಮೇಲೆ ರಕ್ತದೊತ್ತಡಕ್ಕೆ ಔಷಧಿಯಾಗಿ ಜಗತ್ತಿನ ಎಲ್ಲೆಡೆಯಿಂದ ಬೇಡಿಕೆ ಬಂತು, ಕಾಡಿನಲ್ಲಿ ಗಿಡ ವಿರಳವಾಯಿತು. ತೊಗಟೆಯಾದರೆ ಮೋಸವೂ ಸುಲಭ. ಅಪಾರ್ಟ್‌ಮೆಂಟ್ ಗೇಟಿನ ಪಕ್ಕ ನೆಟ್ಟಗೆ ಬೆಳೆದಿರುವ ಮರವನ್ನು ನಾವೆಲ್ಲ ಅಶೋಕ ಅನ್ನುತ್ತೇವೆ. ಅದು ಔಷಧಿಯ ಅಶೋಕ ಅಲ್ಲ. ನಿಜವಾದ ಅಶೋಕಕ್ಕೆ ಕಿತ್ತಳೆ-ಕೆಂಪು ಹೂಗೊಂಚಲು ಬರುತ್ತದೆ, ಅದರ ತೊಗಟೆ ಹೆಂಗಸರ ತೊಂದರೆಗಳಿಗೆ ಮದ್ದು. ಬೆಂಗಳೂರಿನ ಸಂಶೋಧಕರೇ ಮಾರುಕಟ್ಟೆಯ ಅಶೋಕದ ತೊಗಟೆ ತರಿಸಿ ಡಿಎನ್ಎ ಪರೀಕ್ಷೆ ಮಾಡಿದಾಗ ಬಹುಪಾಲು ಬೇರೆ ಮರದ್ದೇ ಆಗಿತ್ತು.

ನೀವು ಒಂದು ಬೆಳಿಗ್ಗೆ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಹೋಗಿ ಯಾವುದಾದರೂ ಹಳೆಯ ಗ್ರಂಧಿಗೆ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಗೋಣಿಚೀಲದ ಬಾಯಿ ಮಡಚಿ ಇಟ್ಟಿರುತ್ತಾರೆ. ಅಳಲೆಕಾಯಿ, ಬಜೆ, ಲಾವಂಚ, ಅತಿಮಧುರ ಪಕ್ಕಪಕ್ಕದಲ್ಲೇ. ಒಣಗಿದ ಮೇಲೆ ಒಂದು ಬೇರಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಬಲ್ಲವರು ಚೂರು ಮುರಿದು ಮೂಸುತ್ತಾರೆ, ತುದಿ ಕಚ್ಚಿ ನೋಡುತ್ತಾರೆ. ನಿಮ್ಮ ರಾಜಧಾನಿಯ ಪೇಟೆಯಲ್ಲೂ ಇಂಥ ಒಂದು ಅಂಗಡಿ ಇರಲಿ. ಅಲ್ಲಿ ಮಿಣುಗುವ ಕೊಳೆತ ಕಟ್ಟಿಗೆಯನ್ನೇ ಇರುಳುಬಳ್ಳಿ ಅಂತ ಮಾರುತ್ತಿರಲಿ.

ಬೆಟ್ಟದ ಜನರನ್ನು ಮರೆಯಬೇಡಿ. ನಿಮ್ಮ ಕಥೆಯಲ್ಲಿ ಗಿಡದ ಗುಟ್ಟು ಅರಮನೆಯ ತಾಳೆಗರಿಯಲ್ಲಿದೆ. ನಿಜ ಜೀವನದಲ್ಲಿ ಅದು ಇರುವುದು ಹೆಚ್ಚಾಗಿ ಕಾಡಿನ ಪಕ್ಕದಲ್ಲಿ ಬದುಕುವವರ ಬಳಿ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟಗಳಲ್ಲಿ ವಿಜ್ಞಾನಿಗಳ ತಂಡ ಸುತ್ತುವಾಗ, ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಯಾವುದೋ ಸಣ್ಣ ಹಣ್ಣು ತಿನ್ನುತ್ತಾ ದಣಿವೇ ಇಲ್ಲದೆ ನಡೆಯುತ್ತಿದ್ದರು. ಕೇಳಿದರೆ ಮೊದಲು ಹೇಳಲು ಹಿಂಜರಿದರು. ಆಮೇಲೆ ತೋರಿಸಿದ ಗಿಡವೇ ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಅನ್ನುವ ಔಷಧಿ ತಯಾರಾಯಿತು. ಪರವಾನಗಿಯ ಹಣ, ರಾಯಧನದಲ್ಲಿ ಅರ್ಧ ಭಾಗವನ್ನು ಕಾಣಿ ಜನರಿಗೆ ಕೊಡುವ ಏರ್ಪಾಡು ಆಯಿತು. ನಿಮ್ಮ ಸೇನಾಪತಿ ಎದ್ದು ಕೂತ ಮೇಲೆ ಬೆಟ್ಟದ ಮುದುಕಿಗೆ ಏನು ಸಿಗುತ್ತದೆ? ಅವಳು ಹೇಳಲು ಹಿಂಜರಿಯುವುದಿಲ್ಲವೇ? ಅವಳಿಗೂ ಬಳ್ಳಿಗೂ ನಡುವೆ ಒಂದು ಕಟ್ಟಳೆ ಇರಬೇಕಲ್ಲ, ಮೊದಲು ಕಂಡ ಬಳ್ಳಿಯನ್ನು ಮುಟ್ಟಬಾರದು ಅಂತಲೋ, ಹೂ ಇರುವಾಗ ಕೀಳಬಾರದು ಅಂತಲೋ?

ತಯಾರಿಸುವ ಬಗೆಯ ಗುಟ್ಟನ್ನೂ ಅವಳ ಕೈಗೇ ಕೊಡಿ. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಸಿಕ್ಕಿದ್ದು ಇಂಥ ಗುಟ್ಟಿನಿಂದಲೇ. ಚೀನಾದ ವಿಜ್ಞಾನಿ ಟು ಯುಯು ಅವರ ತಂಡ ಒಂದು ಗಿಡದಿಂದ ಔಷಧಿ ತೆಗೆಯಲು ಹೊರಟಿತ್ತು, ಫಲ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. 4ನೇ ಶತಮಾನದ ಒಂದು ಹಳೆಯ ವೈದ್ಯಗ್ರಂಥದಲ್ಲಿ, ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಅಂತಿತ್ತು. ಕುದಿಸಬೇಕು ಅನ್ನುವ ಮಾತೇ ಅಲ್ಲಿರಲಿಲ್ಲ. ಬಿಸಿಗೆ ಸತ್ವ ಹಾಳಾಗುತ್ತಿದೆ ಅಂತ ಅವರಿಗೆ ಆಗ ಹೊಳೆಯಿತು. ಕಡಿಮೆ ಶಾಖದಲ್ಲಿ ಸತ್ವ ತೆಗೆದರು, 1971ರಲ್ಲಿ ಗೆದ್ದರು. 2015ರಲ್ಲಿ ನೊಬೆಲ್ ಬಂತು. ನಿಮ್ಮ ರಾಜವೈದ್ಯ ತನ್ನ ಶಾಸ್ತ್ರದಂತೆ ಇರುಳುಬಳ್ಳಿಯ ಕಷಾಯ ಕುದಿಸಿ, ನಾಯಕಿ ಪ್ರಾಣದ ಹಂಗು ತೊರೆದು ತಂದ ಎಲೆಯನ್ನೆಲ್ಲ ಹಾಳುಮಾಡಲಿ. ಒಂದೇ ಒಂದು ತೂತಿನ ಎಲೆ ಅವಳ ಸೆರಗಿನಲ್ಲಿ ಉಳಿದಿರಲಿ.

ಮಾಯೆ ಸಣ್ಣದಾದಷ್ಟೂ ಜಾಸ್ತಿ ನಂಬಿಕೆ ಬರುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಒಂದು ಬಳ್ಳಿ ಇದೆ, ಮಧುನಾಶಿನಿ. ಅದರ ಎರಡು ಎಲೆ ಚೆನ್ನಾಗಿ ಜಗಿದು, ನಾಲಿಗೆಗೆಲ್ಲ ತಾಗಿಸಿ ಉಗಿದುಬಿಡಿ. ಆಮೇಲೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಮರಳು ಜಗಿದ ಹಾಗಿರುತ್ತದೆ. ಸಿಹಿ ಪೂರ್ತಿ ಮಾಯ. ಉಪ್ಪು, ಹುಳಿ ಮಾತ್ರ ಮೊದಲಿನ ಹಾಗೇ ಗೊತ್ತಾಗುತ್ತವೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗವನ್ನು ತಡೆಹಿಡಿಯುವುದರಿಂದ ಹೀಗಾಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ರುಚಿ ವಾಪಸು ಬರುತ್ತದೆ. ಮೊದಲ ಸಲ ತಿಂದವರು ಸಕ್ಕರೆ ಡಬ್ಬದ ಮೇಲೇ ಅನುಮಾನಪಡುತ್ತಾರೆ. ಒಂದು ಗಿಡ, ಒಂದೇ ಕೆಲಸ, ಅದಕ್ಕೊಂದು ಅವಧಿ. ಸಾವಿನಿಂದ ಎಬ್ಬಿಸುವ ಗಿಡಕ್ಕಿಂತ ಇದು ನನ್ನನ್ನು ಜಾಸ್ತಿ ಬೆರಗಾಗಿಸಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಇದರ ಸಹವಾಸ ಬೇಡ, ರಕ್ತದ ಸಕ್ಕರೆ ತೀರಾ ಇಳಿಯಬಹುದು.

ಕಾದಂಬರಿಯಲ್ಲೂ ಅಷ್ಟೇ ಎಚ್ಚರ ಇರಲಿ. ಎಕ್ಕ, ಕಣಗಿಲೆ, ಸರ್ಪಗಂಧ ಅಂತ ನಿಜವಾದ ಗಿಡದ ಹೆಸರು ಬರೆದು ಅದಕ್ಕೆ ಇಲ್ಲದ ಗುಣ ಹೊರಿಸಬೇಡಿ. ಓದಿದವರಲ್ಲಿ ಯಾರೋ ಒಬ್ಬರು ಮನೆಯ ಹಿಂದಿನ ಗಿಡಕ್ಕೆ ಕೈ ಹಾಕುತ್ತಾರೆ. ಇರುಳುಬಳ್ಳಿ ಎಲ್ಲೂ ಇಲ್ಲ, ಹಾಗಾಗಿ ಅದಕ್ಕೆ ಏನು ಗುಣ ಕೊಟ್ಟರೂ ಯಾರಿಗೂ ಅಪಾಯವಿಲ್ಲ.

ಕೊನೆಗೆ ನಿಮ್ಮ ಹೆಸರಿನ ಪ್ರಶ್ನೆ. ಸಂಜೀವಿನಿ ಅಂತ ಇಡಬೇಡಿ. ಆ ಹೆಸರು ಕೇಳಿದ ಕೂಡಲೇ ಓದುವವರ ಕಣ್ಣಮುಂದೆ ಹನುಮಂತ ಬರುತ್ತಾನೆ, ಬೆಟ್ಟ ಹಾರಿ ಬರುತ್ತದೆ, ಲಕ್ಷ್ಮಣ ಏಳುತ್ತಾನೆ. ನಿಮ್ಮ ನಾಯಕಿ ಪಂಜು ಆರಿಸಿ ಕಾಯುವ ರಾತ್ರಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಇರುಳುಬಳ್ಳಿ ಅನ್ನುವುದು ಒಳ್ಳೆಯ ಹೆಸರು, ಅದನ್ನೇ ಇಟ್ಟುಕೊಳ್ಳಿ. ತಿದ್ದಿ ಬರೆದ ಮೇಲೆ ಗಿಡದ ಭಾಗವನ್ನಷ್ಟೇ ನನಗೆ ಕಳಿಸಿ. ಅದನ್ನು ಮಂಜುಗಲ್ಲಿನಲ್ಲಿ ಯಾರು ತಿನ್ನುತ್ತಾರೆ ಅಂತ ಮೊದಲು ನೋಡುತ್ತೇನೆ.